ಗಾಳಿಯ ದಾರಿಯಲ್ಲಿ ಎಣ್ಣೆ ಕಂಡರೆ

ಮೋಟಾರು ಕಾರು ಈಗ ಸಿರಿವಂತರ ಮನೆಯ ಸೊತ್ತಾಗಿ ಮಾತ್ರ ಉಳಿದಿಲ್ಲ. ನಮ್ಮ ವಾಚನಾಲಯಕ್ಕೆ ಬಂದು ಹೋಗುವ ಕನ್ನಡ ಬಂಧುಗಳಲ್ಲಿಯೇ ಟ್ಯಾಕ್ಸಿಯನ್ನು ನಂಬಿ ಸಂಸಾರ ನಡೆಸುವವರಿದ್ದಾರೆ. ಹೋಟೆಲಿಗೆ ಹಾಲು, ತರಕಾರಿ ತರಲು ಸಣ್ಣ ವ್ಯಾನು ಇಟ್ಟುಕೊಂಡವರಿದ್ದಾರೆ. ಹಳೆಯ ಕಾರೊಂದನ್ನು ಕಂತಿನ ಮೇಲೆ ಕೊಂಡು ವರ್ಷಕ್ಕೊಮ್ಮೆ ಕೊಚ್ಚಿಯಿಂದ ಕಾಸರಗೋಡು, ಮಂಗಳೂರು, ಉಡುಪಿಯ ಕಡೆಗೆ ಮಕ್ಕಳು ಮರಿಗಳೊಡನೆ ಹೋಗಿಬರುವವರಿದ್ದಾರೆ. ಇವರಲ್ಲಿ ಹಲವರಿಗೆ ಒಂದಲ್ಲ ಒಂದು ದಿನ ವರ್ಕ್‌ಶಾಪಿನಲ್ಲಿ ಕೇಳಿಬರುವ ಮಾತೊಂದಿದೆ: “ಏರ್ ಫಿಲ್ಟರಿನ ಡಬ್ಬಿಯಲ್ಲಿ ಎಣ್ಣೆ ಬಂದಿದೆ. ಇಂಜಿನು ಇಳಿಸಬೇಕು.”

ಈ ಮಾತು ನಿಜವಿರಬಹುದು, ಇಲ್ಲದಿರಲೂಬಹುದು. ನಿಜವಾಗಿದ್ದರೆ ಖರ್ಚು ಹತ್ತಾರು ಸಾವಿರ ರೂಪಾಯಿ. ಟ್ಯಾಕ್ಸಿಯವನಿಗೆ ಅದರ ಮೇಲೆ ಹಲವು ದಿನಗಳ ಸಂಪಾದನೆಯೂ ಹೋಯಿತು. ನಿಜವಲ್ಲದಿದ್ದರೆ ಒಂದು ಸಣ್ಣ ವಾಲ್ವು, ಒಂದು ಮೊಳ ರಬ್ಬರು ಪೈಪು, ಅರ್ಧ ದಿನದ ಕೆಲಸ ಇಷ್ಟರಲ್ಲಿ ಮುಗಿಯುವ ಸಂಗತಿ. ಎರಡಕ್ಕೂ ಹೊರಗೆ ಕಾಣುವ ಗುರುತು ಒಂದೇ, ಗಾಳಿಯ ದಾರಿಯಲ್ಲಿ ಎಣ್ಣೆ. ಹಾಗಾದರೆ ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ತಿಳಿಯುವುದು ಹೇಗೆ? ಅದನ್ನು ಸಾಮಾನ್ಯ ಓದುಗರಿಗೆ ತಿಳಿಯುವಂತೆ ಹೇಳುವುದೇ ಈ ಲೇಖನದ ಉದ್ದೇಶ.

ಇದನ್ನು ಬರೆಯುವವನು ಗಿರಣಿಯೊಂದರ ಗುಮಾಸ್ತನೇ ಹೊರತು ಮೆಕ್ಯಾನಿಕನಲ್ಲ. ಗಿರಣಿಯ ಜನರೇಟರನ್ನು ನೋಡಿಕೊಳ್ಳುವ ಫಿಟ್ಟರುಗಳೊಡನೆ ದಾಸ್ತಾನು ಪುಸ್ತಕದ ನೆಪದಲ್ಲಿ ವರ್ಷಗಟ್ಟಲೆ ಮಾತಾಡಿದ್ದರಿಂದಲೂ, ವಾಚನಾಲಯದ ಪುಸ್ತಕಗಳಿಂದಲೂ ತಿಳಿದದ್ದನ್ನು ಇಲ್ಲಿ ಕೂಡಿಸಿದ್ದೇನೆ.

ಇಂಜಿನು ಉಸಿರಾಡುವ ಬಗೆ

ಇಂಜಿನಿಗೆ ಪೆಟ್ರೋಲು ಎಷ್ಟು ಬೇಕೋ ಗಾಳಿಯೂ ಅಷ್ಟೇ ಬೇಕು. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು ೧೫ ಪಾಲು ಗಾಳಿ ಬೇಕು. ಈ ಗಾಳಿ ಮೊದಲು ಕಾಗದದ ಮಡಿಕೆಗಳಿರುವ ಏರ್ ಫಿಲ್ಟರಿನಲ್ಲಿ ಸೋಸಿ, ಅಲ್ಲಿಂದ ಒಂದು ದಪ್ಪ ರಬ್ಬರು ಪೈಪಿನ ಮೂಲಕ ಥ್ರಾಟಲಿಗೆ ಬರುತ್ತದೆ. ಥ್ರಾಟಲ್ ಎಂದರೆ ನಾವು ಆಕ್ಸಿಲರೇಟರನ್ನು ಒತ್ತಿದಾಗ ತೆರೆದುಕೊಳ್ಳುವ ಸಣ್ಣ ಬಾಗಿಲು. ಅದನ್ನು ದಾಟಿದ ಗಾಳಿ ಮ್ಯಾನಿಫೋಲ್ಡ್ ಎಂಬ ಕವಲುಕೊಳವೆಯಲ್ಲಿ ಹಂಚಿಕೊಂಡು ಒಂದೊಂದು ಸಿಲಿಂಡರಿಗೂ ಹೋಗುತ್ತದೆ. ಈ ದಾರಿಯಲ್ಲಿ ಗಾಳಿಯಲ್ಲದೆ ಬೇರೇನೂ ಇರಬಾರದೆಂದು ಮೇಲುನೋಟಕ್ಕೆ ಅನ್ನಿಸುವುದು ಸಹಜ. ಹಾಗಿದ್ದರೆ ಇಂಜಿನಿನ ಕೆಳಭಾಗದಲ್ಲಿರಬೇಕಾದ ಎಣ್ಣೆ ಮೇಲಕ್ಕೆ ಇಲ್ಲಿಗೆ ಹೇಗೆ ಬಂತು?

ಇದಕ್ಕೆ ಉತ್ತರ ಪಿಸ್ಟನ್ನಿನ ರಿಂಗುಗಳಲ್ಲಿದೆ. ಸಿಲಿಂಡರಿನಲ್ಲಿ ಪೆಟ್ರೋಲು ಉರಿದಾಗ ಹುಟ್ಟುವ ಒತ್ತಡವನ್ನು ತಡೆದು ಹಿಡಿಯುವವು ಪಿಸ್ಟನ್ನಿನ ಸುತ್ತಲಿರುವ ಉಕ್ಕಿನ ಅಥವಾ ಎರಕದ ಬಳೆಗಳು. ಬಳೆಯನ್ನು ತೊಡಿಸಲು ಅದರಲ್ಲೊಂದು ಸೀಳು ಬಿಡಲೇಬೇಕು. ಬಳೆಗೂ ಗೋಡೆಗೂ ನಡುವೆ ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪೊರೆಯೂ ಇರಲೇಬೇಕು. ಆದುದರಿಂದ ಎಷ್ಟೇ ಹೊಸ ಇಂಜಿನಾದರೂ ಉರಿದ ಅನಿಲದ ಅಲ್ಪಾಂಶ ಈ ಸಂದುಗಳಿಂದ ನುಸುಳಿ ಕೆಳಗಿನ ಕ್ರ್ಯಾಂಕ್ ಕೇಸಿಗೆ ಇಳಿಯುತ್ತದೆ. ಮೆಕ್ಯಾನಿಕರು ಇದನ್ನು ‘ಬ್ಲೋಬೈ’ ಎನ್ನುತ್ತಾರೆ. ನಾವು ನುಸುಳುಗಾಳಿ ಎನ್ನೋಣ. ಅದರಲ್ಲಿ ಹೊಗೆ, ಉರಿಯದ ಪೆಟ್ರೋಲಿನ ಆವಿ, ನೀರಿನ ಆವಿ ಇವೆಲ್ಲ ಇರುತ್ತವೆ. ಕೆಳಗೆ ಕ್ರ್ಯಾಂಕ್ ದಂಡವು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತ ಎಣ್ಣೆಯನ್ನು ಸೀರ್ಪನಿಯಾಗಿ ಚೆಲ್ಲುತ್ತಿರುತ್ತದಷ್ಟೆ. ನುಸುಳುಗಾಳಿ ಈ ಸೀರ್ಪನಿಯನ್ನೂ ತನ್ನೊಡನೆ ಹೊತ್ತುಕೊಳ್ಳುತ್ತದೆ.

ಈ ಗಾಳಿಗೆ ಹೊರಹೋಗಲು ದಾರಿ ಕೊಡದಿದ್ದರೆ ಕ್ರ್ಯಾಂಕ್ ಕೇಸಿನಲ್ಲಿ ಒತ್ತಡ ಹೆಚ್ಚಿ, ಸೀಲುಗಳ ಸಂದಿಯಿಂದ ಎಣ್ಣೆ ಹೊರಕ್ಕೆ ಒಸರತೊಡಗುತ್ತದೆ. ಮುಚ್ಚಳ ಬಿಗಿದ ಪಾತ್ರೆಯಲ್ಲಿ ಗಂಜಿ ಕುದಿಸಿದ ಹಾಗೆ. ಆದುದರಿಂದ ಪ್ರತಿಯೊಂದು ಇಂಜಿನಿಗೂ ಒಂದು ಉಸಿರುಕೊಳವೆ ಬೇಕೇ ಬೇಕು.

ಹೊಗೆಯನ್ನು ಒಳಕ್ಕೆ ತಿರುಗಿಸಿದ ಕಥೆ

ಹಿಂದಿನ ಕಾಲದ ಕಾರುಗಳಲ್ಲಿ ಈ ಉಸಿರುಕೊಳವೆಯ ಬಾಯನ್ನು ಇಂಜಿನಿನ ಕೆಳಗೆ ರಸ್ತೆಯ ಕಡೆಗೆ ಬಿಟ್ಟಿರುತ್ತಿದ್ದರು. ಕಾರು ಓಡುವಾಗ ಅಡಿಯಲ್ಲಿ ಹರಿಯುವ ಗಾಳಿಯೇ ಹೊಗೆಯನ್ನು ಹೊರಗೆಳೆದುಕೊಳ್ಳುತ್ತಿತ್ತು. ಎಣ್ಣೆಯ ಸೀರ್ಪನಿ ರಸ್ತೆಯ ಪಾಲಾಗುತ್ತಿತ್ತು. ಗಾಳಿಯ ದಾರಿ ಒಣಗಿರುತ್ತಿತ್ತು.

೧೯೫೦ರ ದಶಕದ ಆದಿಭಾಗದಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಕಣ್ಣುರಿಸುವ ಮಬ್ಬು ಜನರನ್ನು ಕಾಡುತ್ತಿದ್ದಾಗ, ಹಾಲೆಂಡಿನಲ್ಲಿ ಹುಟ್ಟಿ ಅಲ್ಲಿ ನೆಲಸಿದ್ದ ರಸಾಯನ ವಿಜ್ಞಾನಿ ಹಾಗನ್-ಸ್ಮಿಟ್ ಎಂಬವರು ಅದರ ಮೂಲವನ್ನು ಶೋಧಿಸಿದರು. ಪೆಟ್ರೋಲಿನ ಆವಿ ಮತ್ತು ಕಾರು-ಕಾರ್ಖಾನೆಗಳ ಹೊಗೆ ಬಿಸಿಲಿನಲ್ಲಿ ಕೂಡಿ ಆ ಮಬ್ಬು ಹುಟ್ಟುತ್ತದೆಂದು ಅವರು ತೋರಿಸಿಕೊಟ್ಟರು. ಕಾರು ಹೊರಬಿಡುವ ಪೆಟ್ರೋಲು ಆವಿಯಲ್ಲಿ ಸುಮಾರು ಐದನೆಯ ಒಂದು ಪಾಲು ಬರುವುದು ಬಾಲದ ಸೈಲೆನ್ಸರಿನಿಂದಲ್ಲ, ಈ ಉಸಿರುಕೊಳವೆಯಿಂದ ಎಂಬುದೂ ತಿಳಿದುಬಂತು. ಪರಿಣಾಮವಾಗಿ ೧೯೬೧ರಿಂದ ಕ್ಯಾಲಿಫೋರ್ನಿಯದಲ್ಲಿ ಹೊಸ ಕಾರುಗಳು ಆ ಹೊಗೆಯನ್ನು ಹೊರಗೆ ಬಿಡದೆ, ಇಂಜಿನಿಗೇ ಹಿಂದಿರುಗಿಸಿ ಸುಡಬೇಕೆಂದಾಯಿತು. ಕ್ರಮೇಣ ಜಗತ್ತಿನ ಎಲ್ಲ ಕಡೆಯ ಕಾರುಗಳಿಗೂ ಈ ಏರ್ಪಾಡು ಬಂತು. ಇಂದು ನಮ್ಮ ದೇಶದಲ್ಲಿ ಓಡುತ್ತಿರುವ ಕಾರುಗಳಲ್ಲಿಯೂ ಇರುವುದು ಇದೇ.

ಇಲ್ಲಿ ಓದುಗರು ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಗಾಳಿಯ ದಾರಿಗೆ ಎಣ್ಣೆಯ ಸೀರ್ಪನಿಯನ್ನು ತಂದುಬಿಟ್ಟವರು ಕಾರನ್ನು ನಿರ್ಮಿಸಿದವರೇ. ಅದು ಬೇಕೆಂದೇ ಮಾಡಿದ ಏರ್ಪಾಡು. ಆದುದರಿಂದ ಅಲ್ಲಿ ಸ್ವಲ್ಪ ಎಣ್ಣೆ ಕಂಡ ಮಾತ್ರಕ್ಕೆ ಇಂಜಿನು ಕೆಟ್ಟಿತೆಂದು ಹೇಳಲಾಗದು. ಎಷ್ಟು ಎಣ್ಣೆ, ಎಲ್ಲಿಂದ ಬಂದದ್ದು, ಎಂದಿನಿಂದ ಬರುತ್ತಿರುವುದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆಯೇ ತೀರ್ಪು.

ಎರಡು ಪೈಪುಗಳ ಕೆಲಸ

ಪೆಟ್ರೋಲು ಕಾರಿನ ಟ್ಯಾಪೆಟ್ ಕವರಿನ ಮೇಲೆ ಸಾಮಾನ್ಯವಾಗಿ ಎರಡು ರಬ್ಬರು ಪೈಪುಗಳು ಕಾಣುತ್ತವೆ. ಒಂದು ಪೈಪು ಪಿ.ಸಿ.ವಿ. ವಾಲ್ವು ಎಂಬ ಹೆಬ್ಬೆರಳು ಗಾತ್ರದ ಸಾಧನದ ಮೂಲಕ ಥ್ರಾಟಲಿನ ಆಚೆಗೆ, ಅಂದರೆ ಮ್ಯಾನಿಫೋಲ್ಡಿಗೆ ಹೋಗುತ್ತದೆ. ಇನ್ನೊಂದು ಥ್ರಾಟಲಿನ ಈಚೆಗೆ, ಅಂದರೆ ಏರ್ ಫಿಲ್ಟರಿನ ಪೈಪಿಗೆ ಸೇರುತ್ತದೆ. ಇದನ್ನು ಬ್ರೀದರ್ ಪೈಪು ಎನ್ನುತ್ತಾರೆ.

ಕಾರು ನಿಂತಲ್ಲೇ ಇಂಜಿನು ಓಡುತ್ತಿರುವಾಗಲೂ, ನಿಧಾನವಾಗಿ ಸಾಗುವಾಗಲೂ ಥ್ರಾಟಲಿನ ಬಾಗಿಲು ಬಹುಪಾಲು ಮುಚ್ಚಿರುತ್ತದೆ. ಆಗ ಮ್ಯಾನಿಫೋಲ್ಡಿನಲ್ಲಿ ಬಲವಾದ ಸೆಳೆತವಿರುತ್ತದೆ. ಆ ಸೆಳೆತವು ಪಿ.ಸಿ.ವಿ. ವಾಲ್ವಿನ ಮೂಲಕ ಕ್ರ್ಯಾಂಕ್ ಕೇಸಿನ ಹೊಗೆಯನ್ನು ಎಳೆದುಕೊಳ್ಳುತ್ತದೆ. ಬ್ರೀದರ್ ಪೈಪಿನ ಮೂಲಕ ಸೋಸಿದ ಶುದ್ಧ ಗಾಳಿ ಒಳಕ್ಕೆ ಬರುತ್ತದೆ. ಇದು ಸರಿಯಾದ ಓಟ.

ಆದರೆ ಏರು ಹತ್ತುವಾಗಲೋ, ಹೆದ್ದಾರಿಯಲ್ಲಿ ಬಸ್ಸನ್ನು ಹಿಂದೆ ಹಾಕುವಾಗಲೋ ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೆ ಥ್ರಾಟಲು ಅಗಲವಾಗಿ ತೆರೆದು ಮ್ಯಾನಿಫೋಲ್ಡಿನ ಸೆಳೆತ ಕುಗ್ಗುತ್ತದೆ. ಅದೇ ಹೊತ್ತಿಗೆ ನುಸುಳುಗಾಳಿ ಹೆಚ್ಚುತ್ತದೆ. ವಾಲ್ವಿನ ದಾರಿ ಸಾಲದೆ, ಹೊಗೆಯು ಬ್ರೀದರ್ ಪೈಪಿನಲ್ಲಿ ಹಿಮ್ಮುಖವಾಗಿ ಹರಿದು ಏರ್ ಫಿಲ್ಟರಿನ ಪೈಪಿಗೆ ಬರುತ್ತದೆ. ಅದರೊಡನೆ ಬಂದ ಎಣ್ಣೆಯೇ ಪೈಪಿನ ಒಳಮೈಗೆ ಅಂಟಿಕೊಳ್ಳುತ್ತದೆ. ಕೊಚ್ಚಿಯಿಂದ ತಿರುವನಂತಪುರಕ್ಕೆ ಸುಮಾರು ೨೦೦ ಕಿಲೋಮೀಟರು. ಆ ದಾರಿಯನ್ನು ತುಂಬಿದ ಗಾಡಿಯಲ್ಲಿ ಓಡಿ ಬಂದವನ ಕಾರಿನ ಪೈಪಿನೊಳಗೆ ಬೆರಳಾಡಿಸಿದರೆ ಎಣ್ಣೆಯ ಪಸೆ ಹತ್ತುವುದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಎಷ್ಟರವರೆಗೆ ಸಹಜ? ಬೆರಳಿಗೆ ಹತ್ತುವ ಪಸೆ, ಪೈಪಿನ ತಗ್ಗಿನಲ್ಲಿ ಒಂದೆರಡು ತೊಟ್ಟು, ಥ್ರಾಟಲಿನ ಅಂಚಿನಲ್ಲಿ ಕಪ್ಪು ಜಿಡ್ಡು ಇಷ್ಟು ಬಹುಕಾಲ ಓಡಿದ ಕಾರಿನಲ್ಲಿ ಸಾಮಾನ್ಯ. ಫಿಲ್ಟರಿನ ಕಾಗದ ಎಣ್ಣೆಯಲ್ಲಿ ನೆನೆದಿದ್ದರೆ, ಡಬ್ಬಿಯ ತಳದಲ್ಲಿ ಎಣ್ಣೆ ನಿಂತಿದ್ದರೆ, ಪೈಪನ್ನು ಬಗ್ಗಿಸಿದಾಗ ಸುರಿದರೆ ಅದು ಅಸಹಜ, ಕಾರಣವನ್ನು ಹುಡುಕಲೇಬೇಕು. ಬಿಟ್ಟರೆ ಗಾಳಿಯನ್ನು ಅಳೆಯುವ ಸೂಕ್ಷ್ಮ ಸೆನ್ಸರು ಜಿಡ್ಡುಗಟ್ಟಿ ತಪ್ಪು ಲೆಕ್ಕ ಕೊಡುತ್ತದೆ, ಡ್ಯಾಷ್‌ಬೋರ್ಡಿನಲ್ಲಿ ಇಂಜಿನಿನ ದೀಪ ಹತ್ತುತ್ತದೆ, ಇಂಜಿನು ನಿಂತಲ್ಲೇ ಓಡುವಾಗ ನಡುಗುತ್ತದೆ.

ಎಣ್ಣೆಯ ಜಮಾ-ಖರ್ಚು

ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮೊದಲು ಬೇಕಾದ ಸಲಕರಣೆ ಸ್ಪ್ಯಾನರ್ ಅಲ್ಲ, ಎರಡಾಣೆಯ ನೋಟ್‌ಬುಕ್ಕಿನಂಥ ಒಂದು ಲೆಕ್ಕದ ಪುಸ್ತಕ. ಎಣ್ಣೆ ಬದಲಿಸಿದ ದಿನ, ಆ ದಿನದ ಮೀಟರಿನ ಕಿಲೋಮೀಟರು, ಡಿಪ್‌ಸ್ಟಿಕ್ಕಿನಲ್ಲಿ ಕಂಡ ಮಟ್ಟ, ನಡುವೆ ಸುರಿದ ಎಣ್ಣೆಯ ಅಳತೆ ಇಷ್ಟನ್ನು ಬರೆದಿಟ್ಟರೆ ಸಾಕು. ಎಣ್ಣೆಯ ಡಬ್ಬಿಯ ಪಕ್ಕದಲ್ಲಿಯೇ ಅಳತೆಯ ಗೆರೆಗಳಿರುವುದುಂಟು. ಸಾಮಾನ್ಯ ಕಾರುಗಳಲ್ಲಿ ಡಿಪ್‌ಸ್ಟಿಕ್ಕಿನ ಕೆಳಗೆರೆಗೂ ಮೇಲ್ಗೆರೆಗೂ ನಡುವಣ ಅಂತರವೆಂದರೆ ಸುಮಾರು ಒಂದು ಲೀಟರು.

ಕೆಲವು ತಯಾರಕರು ೧೦೦೦ ಕಿ.ಮೀ.ಗೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಎಣ್ಣೆ ಖರ್ಚಾಗುವುದನ್ನೂ ಮಿತಿಯೊಳಗಿನದೆಂದೇ ಎಣಿಸುತ್ತಾರೆ. ಆದರೆ ನಮ್ಮಲ್ಲಿ ಓಡುವ ಸಣ್ಣ ಕಾರುಗಳು ಸುಸ್ಥಿತಿಯಲ್ಲಿದ್ದರೆ ಅದಕ್ಕಿಂತ ಬಹಳ ಕಡಿಮೆ ಕುಡಿಯುತ್ತವೆ. ಇಲ್ಲಿ ಮುಖ್ಯವಾದುದು ಅಂಕೆಗಿಂತಲೂ ಅದರ ಏರಿಳಿತ. ಹಿಂದಿನ ವರ್ಷ ೧೦೦೦ ಕಿ.ಮೀ.ಗೆ ೫೦ ಮಿ.ಲೀ. ಕುಡಿಯುತ್ತಿದ್ದ ಇಂಜಿನು ಈಗ ೪೦೦ ಮಿ.ಲೀ. ಕುಡಿಯುತ್ತಿದ್ದರೆ ಅದು ತಾನಾಗಿಯೇ ದೂರು ಹೇಳುತ್ತಿದೆಯೆಂದು ತಿಳಿಯಬೇಕು.

ಇದಕ್ಕೊಂದು ಉದಾಹರಣೆ ಕೊಡುತ್ತೇನೆ. ಕಾಸರಗೋಡು ಕಡೆಯವರೊಬ್ಬರು ಎರ್ನಾಕುಳಂನಲ್ಲಿ ಪೆಟ್ರೋಲು ಟ್ಯಾಕ್ಸಿ ಓಡಿಸುತ್ತಾರೆ. ಒಂದು ಸಂಜೆ ವಾಚನಾಲಯದಲ್ಲಿ ಪೇಪರು ಓದದೆ ಸುಮ್ಮನೆ ಕುಳಿತಿದ್ದರು. “ಏನು, ಇವತ್ತು ಬಾಡಿಗೆ ಇಲ್ಲವೋ?” ಎಂದು ಕೇಳಿದೆ.

“ಬಾಡಿಗೆ ಎಲ್ಲಿಂದ ಮಾರಾಯ್ರೆ! ಫಿಲ್ಟರಿನೊಳಗೆ ಎಣ್ಣೆ ತುಂಬಿದೆ. ಇಂಜಿನು ಇಳಿಸಬೇಕಂತೆ. ಹೆಂಡತಿಯ ಬಳೆ ಇಡಬೇಕೋ ಏನೋ” ಎಂದರು.

“ಎಣ್ಣೆ ಎಷ್ಟು ಸುರಿದಿದ್ದೀರಿ?” ಎಂದೆ. ಅವರು ಬಿಲ್ಲುಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕೂಡಿಟ್ಟಿದ್ದರು. ಅವನ್ನು ಹರಡಿ ನೋಡಿದಾಗ, ಎಣ್ಣೆ ಬದಲಿಸಿದ ಮೇಲೆ ೬೦೦೦ ಕಿ.ಮೀ. ಓಡಿ, ನಡುವೆ ಹಾಕಿದ್ದು ೩೦೦ ಮಿ.ಲೀ. ಮಾತ್ರ. ನೀಲಿ ಹೊಗೆಯಿಲ್ಲ, ಏರಿನಲ್ಲಿ ಶಕ್ತಿ ಕುಗ್ಗಿಲ್ಲ. ಈ ಲೆಕ್ಕವನ್ನು ಹಿಡಿದು ಅವರು ಮತ್ತೊಬ್ಬ ಮೇಸ್ತ್ರಿಯ ಬಳಿಗೆ ಹೋದರು. ಆತ ಪಿ.ಸಿ.ವಿ. ವಾಲ್ವನ್ನು ಕಳಚಿ ನೋಡಿದರೆ ಅದು ಜಿಡ್ಡು ಕಟ್ಟಿ ಮುಚ್ಚಿಹೋಗಿತ್ತು. ಹೊಗೆಯೆಲ್ಲ ಬ್ರೀದರ್ ಪೈಪಿನ ಹಾದಿ ಹಿಡಿದಿತ್ತು. ಹೊಸ ವಾಲ್ವು, ಹೊಸ ಫಿಲ್ಟರು, ಪೈಪಿನ ಶುದ್ಧಿ ಇಷ್ಟಕ್ಕೆ ಕೆಲಸ ಮುಗಿಯಿತು. ಬಳೆ ಮನೆಯಲ್ಲಿಯೇ ಉಳಿಯಿತು.

ಎಲ್ಲ ಸಲವೂ ಹೀಗೆಯೇ ಆಗುವುದಿಲ್ಲ. ಲೆಕ್ಕವೇ ಇಂಜಿನು ಸವೆದಿದೆಯೆಂದು ಹೇಳಿದರೆ ಮೇಸ್ತ್ರಿಯ ಮಾತನ್ನು ನಂಬಿ ಖರ್ಚಿಗೆ ಸಿದ್ಧರಾಗುವುದೇ ಮೇಲು. ಲೆಕ್ಕವೆಂಬುದು ಯಾರ ಪಕ್ಷಪಾತಿಯೂ ಅಲ್ಲ.

ಪರೀಕ್ಷೆಯ ಕ್ರಮ

ಖರ್ಚಿಲ್ಲದ ಪರೀಕ್ಷೆಗಳಿಂದ ಆರಂಭಿಸಿ ಖರ್ಚಿನವುಗಳ ಕಡೆಗೆ ಹೋಗುವುದು ಜಾಣತನ. ಓಡುವ ಇಂಜಿನಿನ ಬಳಿ ಕೈಹಾಕುವಾಗ ಮುಂಡಿನ ಅಂಚು, ಶಾಲು, ಸೆರಗು ಇವು ಬೆಲ್ಟಿಗೆ ಸಿಕ್ಕದಂತೆ ಜೋಕೆ ವಹಿಸಬೇಕು.

೧. ಎಣ್ಣೆಯ ಮಟ್ಟ. ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಇಂಜಿನು ಆರಿಸಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಬೇಕು. ಮಟ್ಟವು ಮೇಲ್ಗೆರೆಯನ್ನು ಮೀರಿದ್ದರೆ ತಿರುಗುವ ಕ್ರ್ಯಾಂಕ್ ದಂಡವು ಎಣ್ಣೆಯನ್ನು ಮೊಸರು ಕಡೆದಂತೆ ಕಡೆದು ನೊರೆಯೆಬ್ಬಿಸುತ್ತದೆ; ಆ ನೊರೆ ಉಸಿರುಕೊಳವೆಯಲ್ಲಿ ಮೇಲಕ್ಕೆ ಬರುತ್ತದೆ. “ಸ್ವಲ್ಪ ಹೆಚ್ಚಿದ್ದರೆ ಒಳ್ಳೆಯದು” ಎಂದು ಡಬ್ಬಿಯನ್ನು ಪೂರ್ತಿ ಸುರಿಯುವುದರಿಂದ ಈ ತೊಂದರೆ ಬರುವುದು ಬಹಳ. ಹೆಚ್ಚಿನ ಎಣ್ಣೆಯನ್ನು ತೆಗೆಸಿದರೆ ತೀರಿತು.

೨. ಎಣ್ಣೆ ಎಲ್ಲಿಂದ ತೊಡಗಿದೆ? ಫಿಲ್ಟರಿನ ಡಬ್ಬಿ ಬಿಚ್ಚಿ, ದಾರಿಗುಂಟ ನೋಡಬೇಕು. ಬ್ರೀದರ್ ಪೈಪು ಬಂದು ಕೂಡುವಲ್ಲಿ ಎಣ್ಣೆ ಅತಿ ದಟ್ಟವಾಗಿದ್ದು, ಅಲ್ಲಿಂದ ದೂರವಾದಂತೆ ತೆಳುವಾಗುತ್ತಿದ್ದರೆ ಎಣ್ಣೆಯ ಮೂಲ ಬ್ರೀದರ್ ಪೈಪೇ. ಫಿಲ್ಟರಿನ ಕಾಗದದಲ್ಲಿ ಇಂಜಿನಿನ ಕಡೆಯ ಮುಖ ನೆನೆದಿದ್ದರೆ ಎಣ್ಣೆ ಹಿಮ್ಮುಖವಾಗಿ ಬಂದಿದೆ. ಹೊರಗಿನ ಮುಖ ಮಾತ್ರ ಒದ್ದೆಯಿದ್ದರೆ ಇಂಜಿನನ್ನು ದೂರಬಾರದು. ಎಣ್ಣೆ ಸವರುವ ಬಟ್ಟೆಯ ಫಿಲ್ಟರಿಗೆ ಅತಿಯಾಗಿ ಎಣ್ಣೆ ಹಾಕಿರಬಹುದು. ಹಳೆಯ ಜೀಪುಗಳಲ್ಲಿ ಗಾಳಿಯನ್ನು ಎಣ್ಣೆಯ ಬಟ್ಟಲಿನ ಮೇಲೆ ಹಾಯಿಸಿ ಸೋಸುವ ಏರ್ಪಾಡಿತ್ತು. ಅಂಥ ಬಟ್ಟಲಿಗೆ ಗೆರೆ ಮೀರಿ ಎಣ್ಣೆ ತುಂಬಿದರೂ ಅದು ಒಳಕ್ಕೆ ಸೆಳೆಯಲ್ಪಡುತ್ತದೆ.

೩. ಪಿ.ಸಿ.ವಿ. ವಾಲ್ವು. ಇಂಜಿನು ಆರಿಸಿ ವಾಲ್ವನ್ನು ಕಳಚಿ ಕಿವಿಯ ಬಳಿ ಅಲ್ಲಾಡಿಸಿದರೆ, ಹಲವು ಕಾರುಗಳಲ್ಲಿ ಒಳಗಿನ ತುಂಡು ಕಟಕಟ ಎನ್ನಬೇಕು. ಮತ್ತೆ ಪೈಪಿಗೆ ಸಿಕ್ಕಿಸಿ, ಇಂಜಿನು ನಿಧಾನವಾಗಿ ಓಡುವಾಗ ವಾಲ್ವಿನ ಬಾಯಿಗೆ ಬೆರಳಿಟ್ಟರೆ ಸೆಳೆತ ತಿಳಿಯಬೇಕು. ಸೆಳೆತವಿಲ್ಲದಿದ್ದರೆ ವಾಲ್ವೋ ಪೈಪೋ ಕಟ್ಟಿದೆ. ಇದಕ್ಕೆ ವಿರುದ್ಧವಾಗಿ ವಾಲ್ವು ತೆರೆದೇ ಸಿಕ್ಕಿಕೊಂಡಿದ್ದರೆ ಎಣ್ಣೆಯನ್ನು ಮಿತಿಮೀರಿ ಮ್ಯಾನಿಫೋಲ್ಡಿಗೆ ಎಳೆದುಕೊಳ್ಳುತ್ತದೆ. ಇಂಜಿನು ಏರಿಳಿದು ಓಡುತ್ತದೆ. ಇಂಜಿನಿನ ಕಾವಿನಿಂದ ರಬ್ಬರು ಪೈಪು ಒಣಗಿ ಬಿರಿಯುವುದೂ, ಎಣ್ಣೆ ಕುಡಿದು ಮೆತ್ತಗಾಗಿ ಒಳಕ್ಕೆ ಕುಸಿಯುವುದೂ ಉಂಟು. ಆದುದರಿಂದ ಪೈಪನ್ನೂ ಒತ್ತಿ ನೋಡಬೇಕು.

೪. ಎಣ್ಣೆ ಸುರಿಯುವ ಮುಚ್ಚಳ. ಇಂಜಿನು ಕಾದ ಮೇಲೆ, ನಿಂತಲ್ಲೇ ಓಡುತ್ತಿರುವಾಗ ಈ ಮುಚ್ಚಳವನ್ನು ತಿರುಗಿಸಿ ತೆಗೆದು ಬಾಯ ಮೇಲೆ ಸುಮ್ಮನೆ ಇಡಬೇಕು. ಪೆಟ್ರೋಲು ಇಂಜಿನು ಆರೋಗ್ಯವಾಗಿದ್ದರೆ ಮುಚ್ಚಳ ತುಸು ಸೆಳೆದುಕೊಂಡು ಕುಳಿತಿರುತ್ತದೆ ಅಥವಾ ಸ್ವಲ್ಪ ನಡುಗುತ್ತದೆ. ಭುಸುಗುಟ್ಟಿ ಹಾರಿಬೀಳುವಂತಿದ್ದರೆ, ವಾಲ್ವೂ ಪೈಪೂ ಸರಿಯಿದ್ದರೂ ಹಾಗಾದರೆ, ರಿಂಗುಗಳು ಸವೆದು ನುಸುಳುಗಾಳಿ ಹೆಚ್ಚಿದೆಯೆಂದು ಸಂಶಯಪಡಬೇಕು. ಡೀಸೆಲ್ ಇಂಜಿನಿನಲ್ಲಿ ಸ್ವಲ್ಪ ಭುಸುಗುಟ್ಟುವುದು ಸಹಜ.

೫. ಹೊಗೆಯ ಬಣ್ಣ. ನೀಲಿ ಹೊಗೆ ಎಣ್ಣೆ ಉರಿಯುವುದರ ಗುರುತು. ಕಪ್ಪು, ಇಂಧನ ಹೆಚ್ಚಾದುದರ ಗುರುತು. ಕಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆ, ರೇಡಿಯೇಟರಿನ ನೀರು ಒಳಹೊಕ್ಕುದರ ಗುರುತು. ಬೆಳಿಗ್ಗೆ ಹೊರಡಿಸಿದಾಗ ಮಾತ್ರ ಒಂದು ಬುಗ್ಗೆ ನೀಲಿ ಹೊಗೆ ಬಂದು ನಿಂತರೆ ವಾಲ್ವುಗಳ ಕಾಂಡದ ರಬ್ಬರು ಸೀಲು ಗಟ್ಟಿಯಾಗಿರಬಹುದು. ಏರಿನಲ್ಲಿ, ಭಾರದಲ್ಲಿ ಸತತವಾಗಿ ಬಂದರೆ ರಿಂಗು. ಆದರೆ ಈಗಿನ ಕಾರುಗಳ ಸೈಲೆನ್ಸರಿನಲ್ಲಿರುವ ಶುದ್ಧೀಕರಣದ ಸಾಧನವು ಅಲ್ಪಸ್ವಲ್ಪ ನೀಲಿ ಹೊಗೆಯನ್ನು ಮರೆಮಾಡುವುದರಿಂದ, ಹೊಗೆಯಿಲ್ಲವೆಂಬ ಒಂದೇ ಕಾರಣಕ್ಕೆ ನಿಶ್ಚಿಂತರಾಗಬಾರದು.

೬. ಕಂಪ್ರೆಷನ್ ಪರೀಕ್ಷೆ. ಇಂಜಿನು ಬಿಚ್ಚುವ ಮುನ್ನ ಈ ಪರೀಕ್ಷೆಯನ್ನು ಮಾಡಿಸಲೇಬೇಕು. ಸ್ಪಾರ್ಕ್ ಪ್ಲಗ್ಗು ತೆಗೆದು ಅಲ್ಲಿ ಒತ್ತಡದ ಮೀಟರು ಸಿಕ್ಕಿಸಿ ಇಂಜಿನು ತಿರುಗಿಸುತ್ತಾರೆ. ಹಲವು ಪೆಟ್ರೋಲು ಕಾರುಗಳಲ್ಲಿ ಚದರ ಸೆಂಟಿಮೀಟರಿಗೆ ೧೦ರಿಂದ ೧೪ ಕಿಲೋಗ್ರಾಮಿನವರೆಗೆ ಒತ್ತಡ ಸಿಗುತ್ತದೆ. ಸರಿಯಾದ ಅಂಕೆ ಆಯಾ ಕಾರಿನ ಕೈಪಿಡಿಯಲ್ಲಿರುತ್ತದೆ. ಒಂದು ಸಿಲಿಂಡರಿಗೂ ಇನ್ನೊಂದಕ್ಕೂ ಬಹಳ ವ್ಯತ್ಯಾಸವಿರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿದಾಗ ಒತ್ತಡ ಏರಿದರೆ ದೋಷ ರಿಂಗಿನದು; ಏರದಿದ್ದರೆ ವಾಲ್ವಿನದು. ಎಣ್ಣೆ ಬಿಡುವ ಈ ಉಪಾಯವನ್ನು ಡೀಸೆಲಿನಲ್ಲಿ ಮಾಡಬಾರದು.

ಈ ಆರನೆಯ ಪರೀಕ್ಷೆಯ ಅಂಕೆಗಳನ್ನು ಕಾಗದದಲ್ಲಿ ಬರೆಸಿಕೊಳ್ಳದೆ ಇಂಜಿನು ಇಳಿಸಲು ಒಪ್ಪುವುದು, ರಕ್ತಪರೀಕ್ಷೆಯಿಲ್ಲದೆ ಆಪರೇಷನ್ನಿಗೆ ಮಲಗಿದಂತೆ.

ಟರ್ಬೊ ಇರುವ ಗಾಡಿಗಳು

ಈಗಿನ ಡೀಸೆಲ್ ಕಾರುಗಳಿಗೂ ಹಲವು ಪೆಟ್ರೋಲು ಕಾರುಗಳಿಗೂ ಟರ್ಬೊ ಎಂಬ ಸಾಧನವಿದೆ. ಹೊರಹೋಗುವ ಹೊಗೆಯ ರಭಸದಿಂದ ಒಂದು ಚಕ್ರ ತಿರುಗಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಇಂಜಿನಿಗೆ ಒತ್ತಿ ತುಂಬುತ್ತದೆ. ಅಚ್ಚು ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ಮೀರಿ ತಿರುಗುತ್ತದೆ. ಅದಕ್ಕೆ ಆಧಾರ ತೆಳುವಾದ ಎಣ್ಣೆಯ ಪೊರೆಯೊಂದೇ. ಈ ಎಣ್ಣೆ ಕೆಲಸ ಮುಗಿಸಿ ತನ್ನ ಭಾರದಿಂದಲೇ ಕ್ರ್ಯಾಂಕ್ ಕೇಸಿಗೆ ಇಳಿದುಹೋಗಬೇಕು.

ಇಂಥ ಗಾಡಿಯಲ್ಲಿ ಎಣ್ಣೆ ಕಂಡರೆ ಟರ್ಬೊಗೆ ಮೊದಲಿನ ಪೈಪನ್ನೂ ನಂತರದ ಪೈಪನ್ನೂ ಬೇರೆಬೇರೆಯಾಗಿ ನೋಡಬೇಕು. ಮೊದಲಿನದರಲ್ಲಿ ಬ್ರೀದರ್ ಕೂಡುವಲ್ಲಿಂದಲೇ ಎಣ್ಣೆಯಿದ್ದರೆ ಟರ್ಬೊದ ತಪ್ಪಲ್ಲದಿರಬಹುದು. ಮೊದಲಿನದು ಒಣಗಿದ್ದು ನಂತರದ ಪೈಪೂ, ಗಾಳಿ ತಣಿಸುವ ಇಂಟರ್‌ಕೂಲರೂ ಎಣ್ಣೆಯಿಂದ ತುಂಬಿದ್ದರೆ ಟರ್ಬೊದ ಸೀಲಿನ ಮೇಲೆ ಸಂಶಯ. ಅಚ್ಚಿಗೆ ಅಕ್ಕಪಕ್ಕ ತುಸು ಅಲುಗಾಟ ಇರಬಹುದು. ಹಿಂದುಮುಂದಕ್ಕೆ ಅಲುಗಬಾರದು, ಚಕ್ರದ ಅಲಗು ಗೂಡಿಗೆ ತಾಗಿದ ಗೀರೂ ಇರಬಾರದು.

ಇಲ್ಲಿಯೂ ಕಾರಣವನ್ನು ಬಿಟ್ಟು ಭಾಗವನ್ನು ಬದಲಿಸಿದರೆ ಹಣ ನೀರುಪಾಲು. ಬ್ರೀದರ್ ಕಟ್ಟಿ ಕ್ರ್ಯಾಂಕ್ ಕೇಸಿನ ಒತ್ತಡ ಹೆಚ್ಚಿದ್ದರೆ ಟರ್ಬೊದ ಎಣ್ಣೆ ಕೆಳಗಿಳಿಯಲಾರದೆ ಸೀಲು ದಾಟಿ ಗಾಳಿಯ ದಾರಿಗೆ ಬರುತ್ತದೆ. ಧೂಳು ತುಂಬಿದ ಫಿಲ್ಟರು ಅತಿಯಾದ ಸೆಳೆತ ಉಂಟುಮಾಡಿದರೂ ಹಾಗೆಯೇ. ಇವನ್ನು ಸರಿಪಡಿಸದೆ ಹೊಸ ಟರ್ಬೊ ಹಾಕಿದರೆ ಹೊಸದೂ ಸೋರುತ್ತದೆ.

ಡೀಸೆಲಿನ ವಿಷಯದಲ್ಲಿ ಒಂದು ಅಪಾಯವನ್ನು ಎಲ್ಲರೂ ತಿಳಿದಿರಬೇಕು. ಡೀಸೆಲ್ ಇಂಜಿನಿಗೆ ಕಿಡಿ ಬೇಡ. ಗಾಳಿಯೊಡನೆ ಬಂದ ಎಣ್ಣೆಯೂ ಅದಕ್ಕೆ ಇಂಧನವೇ. ಟರ್ಬೊ ಒಡೆದು ಎಣ್ಣೆ ಧಾರಾಳವಾಗಿ ಒಳಹೊಕ್ಕರೆ ಇಂಜಿನು ತನ್ನ ಎಣ್ಣೆಯನ್ನೇ ಕುಡಿದು ಹುಚ್ಚೆದ್ದು ಓಡತೊಡಗುತ್ತದೆ. ಆಗ ಕೀಲಿ ತಿರುಗಿಸಿದರೂ ನಿಲ್ಲದಿರಬಹುದು, ಏಕೆಂದರೆ ಕೀಲಿಯು ಡೀಸೆಲನ್ನು ನಿಲ್ಲಿಸುತ್ತದೆಯೇ ಹೊರತು ಈ ಎಣ್ಣೆಯನ್ನಲ್ಲ. ಕೈಗೇರಿನ ಗಾಡಿಯಾದರೆ ಬದಿಗೆ ನಿಲ್ಲಿಸಿ, ಬ್ರೇಕನ್ನು ಬಲವಾಗಿ ತುಳಿದು, ಹ್ಯಾಂಡ್ ಬ್ರೇಕು ಎಳೆದು, ಅತಿ ಮೇಲಿನ ಗೇರಿಗೆ ಹಾಕಿ ಕ್ಲಚ್ಚು ಬಿಟ್ಟು ಇಂಜಿನನ್ನು ಕಟ್ಟಿ ನಿಲ್ಲಿಸಲು ನೋಡಬೇಕು. ಆಗದಿದ್ದರೆ ಜನರನ್ನು ಇಳಿಸಿ ದೂರ ಸರಿಯುವುದೇ ಸರಿ. ಬಾನೆಟ್ಟು ತೆರೆದು ಗಾಳಿಯ ಬಾಯಿಗೆ ಕೈ ಅಡ್ಡವಿಡಲು ಎಂದಿಗೂ ಹೋಗಬಾರದು. ಇಂಟರ್‌ಕೂಲರಿನಲ್ಲಿ ಎಣ್ಣೆ ನಿಂತಿದೆಯೆಂದು ಗೊತ್ತಾದ ಡೀಸೆಲ್ ಗಾಡಿಯನ್ನು “ಈ ಬಾಡಿಗೆಯೊಂದು ಮುಗಿಯಲಿ” ಎಂದು ಓಡಿಸುವುದು ಸರ್ವಥಾ ಸಲ್ಲದು.

ನಮ್ಮ ಊರುಗಳ ಮಟ್ಟಿಗೆ

ಎಡಪ್ಪಳ್ಳಿ, ವೈಟ್ಟಿಲ ಕೂಡುರಸ್ತೆಗಳ ನಡುವೆ ನಿಂತು ನಿಂತು ಹೋಗುವವರ ಇಂಜಿನು ಗಂಟೆಗಟ್ಟಲೆ ಓಡುತ್ತದೆ, ಮೀಟರು ಮಾತ್ರ ಮುಂದಕ್ಕೆ ಹೋಗುವುದಿಲ್ಲ. ಆದುದರಿಂದ ಎಣ್ಣೆ ಬದಲಿಸಲು ಕಿಲೋಮೀಟರನ್ನಷ್ಟೇ ನಂಬದೆ ತಿಂಗಳನ್ನೂ ಎಣಿಸಬೇಕು. ಹಳೆಯ ಎಣ್ಣೆ ಕೊಳೆಗಟ್ಟಿ ಮೊದಲು ಮುಚ್ಚುವುದು ಈ ಸಣ್ಣ ವಾಲ್ವನ್ನೇ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆಂದು ಎರಡು ಮೂರು ಕಿಲೋಮೀಟರು ಮಾತ್ರ ಓಡುವ ಕಾರಿನ ಎಣ್ಣೆ ಚೆನ್ನಾಗಿ ಕಾಯುವುದೇ ಇಲ್ಲ. ನುಸುಳುಗಾಳಿಯ ನೀರಿನ ಆವಿ ಹೊರಹೋಗದೆ ಉಳಿದು ಮುಚ್ಚಳದ ಅಡಿಯಲ್ಲಿ ಹಾಲುಕಾಫಿಯ ಬಣ್ಣದ ಜಿಡ್ಡಾಗಿ ಕಟ್ಟಬಹುದು. ರೇಡಿಯೇಟರಿನ ನೀರು ಇಳಿಯದೆ, ಡಿಪ್‌ಸ್ಟಿಕ್ಕಿನ ಎ‌ಣ್ಣೆ ಸ್ವಚ್ಛವಾಗಿದ್ದರೆ ಇದಕ್ಕೆ ಹೆದರಬೇಕಿಲ್ಲ; ವಾರಕ್ಕೊಮ್ಮೆ ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿಬಂದರೆ ಆವಿ ಹೋಗುತ್ತದೆ. ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಬೇಕು.

ಪ್ರವಾಹದಲ್ಲಿ ನಿಂತ ಕಾರಿನ ಸಂಗತಿ ಬೇರೆ. ೨೦೧೮ರ ಆಗಸ್ಟಿನಲ್ಲಿ ಪೆರಿಯಾರ್ ಉಕ್ಕಿ ಆಲುವ, ಪರವೂರು ಸುತ್ತಮುತ್ತ ಎಷ್ಟೋ ವಾಹನಗಳು ಮುಳುಗಿದವು. ೨೦೨೩ರ ಅಕ್ಟೋಬರಿನಲ್ಲಿ ತಿರುವನಂತಪುರದ ತಗ್ಗು ಬಡಾವಣೆಗಳಲ್ಲಿಯೂ ನೀರು ನುಗ್ಗಿತು. ಅಂಥ ಕಾರಿನ ಫಿಲ್ಟರು ಡಬ್ಬಿಯಲ್ಲಿ ನೀರಿನ ಗುರುತಿದ್ದರೆ, ಅಥವಾ ಡಿಪ್‌ಸ್ಟಿಕ್ಕಿನ ಎಣ್ಣೆ ಏರಿ ಹಾಲಿನಂತಾಗಿದ್ದರೆ, ಒಮ್ಮೆಯೂ ಸ್ಟಾರ್ಟು ಮಾಡದೆ ಎಳೆಸಿಕೊಂಡು ಹೋಗಬೇಕು. ಗಾಳಿಯಂತೆ ನೀರು ಅಮುಕಿಕೊಳ್ಳುವುದಿಲ್ಲ. ಸಿಲಿಂಡರಿನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡೇ ಬಾಗಿಹೋಗುತ್ತದೆ.

ಮಾಡಬಾರದ ಎರಡು ಕೆಲಸಗಳು

ಎಣ್ಣೆ ಬರುವುದನ್ನು ತಪ್ಪಿಸಲೆಂದು ಕೆಲವರು ಬ್ರೀದರ್ ಪೈಪಿನ ಬಾಯಿಗೆ ಬೂಚು ಹೊಡೆಯುತ್ತಾರೆ. ಇದರಿಂದ ಒತ್ತಡ ಹೆಚ್ಚಿ ಕ್ರ್ಯಾಂಕ್ ದಂಡದ ಸೀಲೇ ಒಡೆದು ಎಣ್ಣೆ ಬೇರೆಡೆಯಿಂದ ಸುರಿಯುತ್ತದೆ. ಮತ್ತೆ ಕೆಲವರು ಪೈಪನ್ನು ಕಳಚಿ ರಸ್ತೆಗೆ ಇಳಿಬಿಡುತ್ತಾರೆ. ಆಗ ಸೋಸದ ಧೂಳು ಇಂಜಿನಿನೊಳಕ್ಕೆ ಹೋಗಿ ರಿಂಗುಗಳನ್ನು ಮರಳುಕಾಗದದಂತೆ ತಿನ್ನುತ್ತದೆ. ಹೊಗೆ ದಾರಿಹೋಕರ ಪಾಲಾಗುತ್ತದೆ. ಎರಡೂ ರೋಗವನ್ನು ಮುಚ್ಚುವ ಕೆಲಸಗಳೇ ಹೊರತು ಚಿಕಿತ್ಸೆಯಲ್ಲ.

ಮೇಸ್ತ್ರಿಯೊಡನೆ ಮಾತು

ಇಲ್ಲಿನ ವರ್ಕ್‌ಶಾಪುಗಳಲ್ಲಿ ಹಿರಿಯ ಮೇಸ್ತ್ರಿಯನ್ನು ‘ಆಶಾನ್’ ಎಂದು ಗೌರವದಿಂದ ಕರೆಯುತ್ತಾರೆ. ಅವರಲ್ಲಿ ಬಹುಮಂದಿ ಕೈಯಲ್ಲೇ ವಿದ್ಯೆಯಿರುವ ಪ್ರಾಮಾಣಿಕರು. ಅವರನ್ನು ಸಂಶಯಿಸಿ ಜಗಳ ತೆಗೆಯುವುದು ಈ ಲೇಖನದ ಉದ್ದೇಶವಲ್ಲ. ಮಲಯಾಳವೋ ಕನ್ನಡವೋ, ನಾಲ್ಕು ಮಾತು ವಿನಯದಿಂದ ಕೇಳಿದರೆ ಸಾಕು: ಎಣ್ಣೆ ಯಾವ ಪೈಪಿನಿಂದ ಬಂದಿದೆ? ವಾಲ್ವು ನೋಡಿದಿರಾ? ಕಂಪ್ರೆಷನ್ ಎಷ್ಟು ಬಂತು? ಶುದ್ಧಮಾಡಿ ಸಾವಿರ ಕಿಲೋಮೀಟರು ಓಡಿಸಿ ಮತ್ತೆ ನೋಡಬಹುದೇ? ಡೀಸೆಲ್ ಟರ್ಬೊದ ಅಪಾಯವಿಲ್ಲವೆಂದು ಖಚಿತವಾದ ಗಾಡಿಗೆ ಈ ನಾಲ್ಕನೆಯ ಪ್ರಶ್ನೆ ಬಹಳ ಉಪಯುಕ್ತ. ಒರೆಸಿ ಒಣಗಿಸಿದ ಪೈಪು ಸಾವಿರ ಕಿಲೋಮೀಟರಿನ ಬಳಿಕ ಎಷ್ಟು ಒದ್ದೆಯಾಗಿದೆ ಎಂಬುದೇ ಅತ್ಯಂತ ನಂಬುವಂಥ ಸಾಕ್ಷಿ.

ಎಣ್ಣೆಯ ಲೆಕ್ಕ ಬರೆಯಲು ಅನುಕೂಲವಾಗಲೆಂದು, ತಾರೀಕು, ಕಿಲೋಮೀಟರು, ಮಟ್ಟ, ಸುರಿದ ಎಣ್ಣೆ, ಷರಾ ಎಂಬ ಐದು ಅಂಕಣಗಳ ಹಾಳೆಯೊಂದನ್ನು ಗೆರೆ ಎಳೆದು ವಾಚನಾಲಯದ ಮೇಜಿನ ಮೇಲೆ, ದಿನಪತ್ರಿಕೆಗಳ ಪಕ್ಕದಲ್ಲಿ ಇಟ್ಟಿದೆ. ಬೇಕಾದವರು ಅದನ್ನು ನೋಡಿ ನಕಲು ಮಾಡಿಕೊಳ್ಳಬಹುದು. ಹಾಳೆಯನ್ನು ಮಾತ್ರ ಅಲ್ಲಿಯೇ ಬಿಟ್ಟು ಹೋಗಬೇಕೆಂದು ವಿನಂತಿ.